ಗುಂಡಿಯನ್ನು ಎಷ್ಟು ಒತ್ತಿದೆವು ಎಂಬುದೂ ಆಟವೇ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ, ಟಿ.ವಿ.ಗೆ ಜೋಡಿಸಿ ಆಡುವ ಸೋನಿ ಕಂಪನಿಯ ಯಂತ್ರವಾದ ಪ್ಲೇಸ್ಟೇಷನ್ 2ರ ಕಾಲದ ವಿಡಿಯೊ ಗೇಮ್‌ಗಳನ್ನು ಈಗಿನ ಮೊಬೈಲ್, ಲ್ಯಾಪ್‌ಟಾಪ್ ಮತ್ತು ಹೊಸ ಗೇಮ್ ಯಂತ್ರಗಳಲ್ಲಿ ಮತ್ತೆ ಆಡುವುದು ಹೇಗೆಂಬ ಲೇಖನ ಬಂದಿದೆ. ಕನ್ನಡ ಪತ್ರಿಕೆಯಲ್ಲಿ ಈ ವಿಷಯಕ್ಕೆ ಅರ್ಧ ಪುಟ ಸಿಗುವುದು ಅಪರೂಪವಾದ್ದರಿಂದ ಅದನ್ನು ಎರಡು ಸಲ ಓದಿದೆ. ಬರೆದವರು ಸಾಕಷ್ಟು ತಿಳಿದುಕೊಂಡೇ ಬರೆದಿದ್ದಾರೆ. ಆದರೆ ಹಳೆಯ ಆಟಗಳು ಹೀಗೆ ಇದ್ದದ್ದು ಇದ್ದ ಹಾಗೆಯೇ ನಮ್ಮ ಕೈಗೆ ಮರಳುತ್ತವೆ ಎಂಬರ್ಥದಲ್ಲಿ ಅವರು ಕೊನೆಗೆ ಹೇಳಿರುವ ಮಾತಿನ ಬಗ್ಗೆ ನನ್ನ ತಕರಾರಿದೆ. ಚಿತ್ರ ಮರಳಿ ಬರುತ್ತದೆ, ಸದ್ದು ಬರುತ್ತದೆ, ಕಥೆಯೂ ಬರುತ್ತದೆ. ಆದರೆ ಆ ಕಾಲದ ಕೆಲವು ಮುಖ್ಯ ಆಟಗಳಲ್ಲಿ ಆಡುವವನು ಗುಂಡಿ ಒತ್ತಿದನೋ ಇಲ್ಲವೋ ಎಂಬುದಷ್ಟೇ ಅಲ್ಲ, ಎಷ್ಟು ಬಲ ಹಾಕಿ ಒತ್ತಿದ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಆ ಲೆಕ್ಕ ಇಡುವ ಗುಂಡಿ ಈಗಿನ ಯಂತ್ರಗಳಲ್ಲಿ ಇಲ್ಲ. ಅದು ಹೋದ ಮೇಲೂ ಆಟ ಅದೇ ಉಳಿದಿದೆ ಎಂದು ಓದುಗರಿಗೆ ಹೇಳುವುದು ಸರಿಯಲ್ಲವೆಂದು ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಇದನ್ನು ಹೇಳಲು ನಾನು ಯಾರು ಎಂಬುದನ್ನೂ ತಿಳಿಸಬೇಕು. 2004ರಿಂದ ಆರು ವರ್ಷ ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಮೊದಲು ಟೈಲರ್ ಅಂಗಡಿಯಾಗಿದ್ದ ಮಳಿಗೆಯಲ್ಲಿ, ನಾಲ್ಕು ಟಿ.ವಿ. ಮತ್ತು ನಾಲ್ಕು ಪ್ಲೇಸ್ಟೇಷನ್ 2 ಇಟ್ಟುಕೊಂಡು ಗೇಮ್ ಪಾರ್ಲರ್ ನಡೆಸಿದವನು ನಾನು. ಗಂಟೆಗೆ 20 ರೂಪಾಯಿ. ಕರೆಂಟು ಹೋದರೆ ಅಷ್ಟು ಹೊತ್ತನ್ನು ಕಳೆದು ಲೆಕ್ಕ. ಡಿಸ್ಕುಗಳೆಲ್ಲ ಎಲ್ಲಿಂದ ಬರುತ್ತಿದ್ದವು ಎಂದು ದಯವಿಟ್ಟು ಕೇಳಬೇಡಿ. ಮೊಬೈಲಿನಲ್ಲೇ ಆಟ ಬಂದ ಮೇಲೆ ಪಾರ್ಲರ್ ಮುಚ್ಚಿ ಊರಿಗೆ ಮರಳಿದೆ. ಈಗ ತೀರ್ಥಹಳ್ಳಿಯಲ್ಲಿ ಮಿಕ್ಸಿ, ಟಿ.ವಿ., ಯುಪಿಎಸ್ ರಿಪೇರಿ ಮಾಡಿಕೊಂಡಿದ್ದೇನೆ. ಕೈಯಲ್ಲಿ ಹಿಡಿದು ಆಡುವ, ನಾವು ಆಗ ರಿಮೋಟು ಎಂದೇ ಕರೆಯುತ್ತಿದ್ದ ಕಂಟ್ರೋಲರುಗಳನ್ನು ಆ ಆರು ವರ್ಷಗಳಲ್ಲಿ ಎಷ್ಟು ಸಲ ಬಿಚ್ಚಿ ಜೋಡಿಸಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಮುಂದಿನ ಮಾತುಗಳು ಹೆಚ್ಚಾಗಿ ಸ್ಕ್ರೂಡ್ರೈವರ್ ಹಿಡಿದವನ ಮಾತುಗಳು.

ಪ್ಲೇಸ್ಟೇಷನ್ 2 ಜಪಾನಿನಲ್ಲಿ 2000ದ ಮಾರ್ಚಿನಲ್ಲಿ ಬಿಡುಗಡೆಯಾದಾಗ ಅದರೊಡನೆ ಬಂದ ಕಂಟ್ರೋಲರಿನ ಹೆಸರು ಡ್ಯುಯಲ್‌ಶಾಕ್ 2. ನೋಡಲು ಹಿಂದಿನ ಡ್ಯುಯಲ್‌ಶಾಕ್‌ನ ಹಾಗೆಯೇ ಇತ್ತು, ಬಣ್ಣವಷ್ಟೇ ಕಪ್ಪು. ಬದಲಾವಣೆಯೆಲ್ಲ ಒಳಗೆ. ದಿಕ್ಕು ತೋರಿಸುವ ನಾಲ್ಕು ಗುಂಡಿ, ತ್ರಿಕೋನ, ವೃತ್ತ, ಕ್ರಾಸ್, ಚೌಕಗಳ ನಾಲ್ಕು ಗುಂಡಿ, ಮೇಲಂಚಿನಲ್ಲಿ ತೋರುಬೆರಳಿಗೆ ಸಿಗುವ ನಾಲ್ಕು ಗುಂಡಿ, ಹೀಗೆ ಒಟ್ಟು 12 ಗುಂಡಿಗಳು ಒತ್ತಡವನ್ನು ಅಳೆಯುತ್ತಿದ್ದವು. ಪ್ರತಿಯೊಂದು ಗುಂಡಿಯೂ ಸೊನ್ನೆಯಿಂದ 255ರ ತನಕ ಒಂದು ಸಂಖ್ಯೆಯನ್ನು ಯಂತ್ರಕ್ಕೆ ಕಳಿಸುತ್ತಿತ್ತು: ಮುಟ್ಟದಿದ್ದರೆ ಸೊನ್ನೆ, ಸೋಕಿದ ಹಾಗೆ ಒತ್ತಿದರೆ ಸಣ್ಣ ಸಂಖ್ಯೆ, ಅಮುಕಿ ಹಿಡಿದರೆ 255. ಸಾಮಾನ್ಯ ಗುಂಡಿಯೆಂದರೆ ಮನೆಯ ದೀಪದ ಸ್ವಿಚ್ಚು, ಈ ಗುಂಡಿಯೆಂದರೆ ಫ್ಯಾನಿನ ರೆಗ್ಯುಲೇಟರು ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಆಟ ಬರೆದವರು ಕೇಳಿದರೆ ಮಾತ್ರ ಕಂಟ್ರೋಲರು ಈ ಸಂಖ್ಯೆಗಳನ್ನು ಕಳಿಸುತ್ತಿತ್ತು. ಬಹುಪಾಲು ಆಟಗಳಿಗೆ ಅದರ ಗೊಡವೆಯೇ ಬೇಕಿರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಆಡಿದವರಿಗೂ ತಮ್ಮ ಕೈಯಲ್ಲಿರುವುದು ಇಂಥ ಗುಂಡಿ ಎಂಬುದು ತಿಳಿದಿರಲಿಲ್ಲ.

ಒಳಗಿನ ಏರ್ಪಾಟು ಬಲು ಸರಳ. ಗುಂಡಿಯ ಕೆಳಗೆ ಬೋರಲು ಹಾಕಿದ ಬಟ್ಟಲಿನಂಥ ರಬ್ಬರು, ಅದರ ನಡುವೆ ವಿದ್ಯುತ್ತು ಹರಿಯುವ ಗುಣದ ಕಪ್ಪು ರಬ್ಬರಿನ ಗುಬುಟು. ಅದರಡಿಯಲ್ಲಿ ಎಕ್ಸ್‌ರೇ ಫಿಲ್ಮಿನಂಥ ತೆಳು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಮುದ್ರಿಸಿದ ಕಾರ್ಬನ್ ಪದರ. ಟಿ.ವಿ. ರಿಮೋಟಿನಲ್ಲೂ ಇಂಥದೇ ರಬ್ಬರಿದೆ, ಆದರೆ ಅಲ್ಲಿ ತಾಗಿದರೆ ಸಾಕು. ಇಲ್ಲಿ ಗುಬುಟು ಕೊಂಚ ಉಬ್ಬಾಗಿರುವುದರಿಂದ ಮೆಲ್ಲಗೆ ಒತ್ತಿದಾಗ ಅದರ ತುದಿ ಮಾತ್ರ ಕಾರ್ಬನ್ನಿಗೆ ತಾಗುತ್ತದೆ. ಒತ್ತಡ ಹೆಚ್ಚಿದ ಹಾಗೆ ಅದು ಚಪ್ಪಟೆಯಾಗುತ್ತಾ ಹೆಚ್ಚು ಜಾಗವನ್ನು ಆವರಿಸುತ್ತದೆ, ವಿದ್ಯುತ್ತಿಗೆ ಇರುವ ತಡೆ ಇಳಿಯುತ್ತದೆ, ಆ ಇಳಿತವನ್ನು ಒಳಗಿನ ಚಿಪ್ಪು ಸಂಖ್ಯೆಯಾಗಿ ಓದುತ್ತದೆ. ಇಷ್ಟೇ. ಸ್ಪ್ರಿಂಗಿಲ್ಲ, ಮೋಟರಿಲ್ಲ, ಅಯಸ್ಕಾಂತವೂ ಇಲ್ಲ.

ಒತ್ತಡ ಅಳೆಯುವ ಆಲೋಚನೆ ಸೋನಿಯವರಿಂದ ಶುರುವಾದದ್ದೂ ಅಲ್ಲ. ಕ್ಯಾಪ್‌ಕಾಮ್ ಕಂಪನಿ 1987ರಲ್ಲಿ ತಂದ ಮೊದಲ ಸ್ಟ್ರೀಟ್ ಫೈಟರ್ ಎಂಬ ಹೊಡೆದಾಟದ ಆಟದ, ನಾಣ್ಯ ಹಾಕಿ ಆಡುವ ಪೆಟ್ಟಿಗೆಗೆ ಗುದ್ದಲು ಒಂದು, ಒದೆಯಲು ಒಂದು ಎಂದು ಎರಡು ದೊಡ್ಡ ಮೆತ್ತೆಗಳಿದ್ದವು. ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತಿದ್ದ ಆ ಮೆತ್ತೆಗೆ ಆಡುವವನು ಎಷ್ಟು ಜೋರಾಗಿ ಹೊಡೆಯುತ್ತಾನೋ ತೆರೆಯ ಮೇಲಿನ ಏಟೂ ಅಷ್ಟು ಜೋರು. ಕೈ ನೋವು ಯಾರದು, ರಿಪೇರಿ ಖರ್ಚು ಯಾರದು ಎಂಬುದನ್ನು ಪಾರ್ಲರ್ ನಡೆಸಿದವನಾಗಿ ನಾನು ಊಹಿಸಬಲ್ಲೆ. ಮೆತ್ತೆಗಳ ಬದಲು ಮೆದು, ಮಧ್ಯಮ, ಜೋರು ಎಂದು ಗುದ್ದಿಗೆ ಮೂರು, ಒದೆತಕ್ಕೆ ಮೂರು ಗುಂಡಿಗಳ ಪೆಟ್ಟಿಗೆಯೂ ಬಂತು, ಅದೇ ನಿಂತಿತು. ಇವತ್ತಿಗೂ ಆ ಜಾತಿಯ ಹಲವು ಆಟಗಳಲ್ಲಿ ಆರು ಗುಂಡಿಗಳಿರುವುದು ಆ ಕಾರಣಕ್ಕೆ. ಒಂದು ಕೈಚಳಕವನ್ನು ಮೂರು ಸ್ವಿಚ್ಚುಗಳಾಗಿ ಒಡೆದದ್ದು ಅದು, ಮತ್ತು ಅಲ್ಲಿ ಅದರಿಂದ ಒಳ್ಳೆಯದೇ ಆಯಿತು. ಎಲ್ಲ ಕಡೆಯೂ ಹಾಗಾಗುವುದಿಲ್ಲ.

ಯಾಕೆ ಆಗುವುದಿಲ್ಲ ಎಂಬುದಕ್ಕೆ ಮೆಟಲ್ ಗಿಯರ್ ಸಾಲಿಡ್ ಎಂಬ ಸರಣಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಶತ್ರುವಿನ ಠಾಣ್ಯದೊಳಗೆ ಒಬ್ಬನೇ ಕದ್ದು ನುಸುಳುವ ಆಟ ಅದು. 2001ರಲ್ಲಿ ಬಂದ ಎರಡನೆಯ ಭಾಗದಲ್ಲಿ ಚೌಕದ ಗುಂಡಿ ಒತ್ತಿ ಹಿಡಿದರೆ ನಾಯಕ ಪಿಸ್ತೂಲು ಎತ್ತಿ ಗುರಿಯಿಡುತ್ತಾನೆ, ಬಿಟ್ಟರೆ ಗುಂಡು ಹಾರುತ್ತದೆ. ಗುರಿಯಿಟ್ಟ ಮೇಲೆ ಬೇಡವೆನಿಸಿದರೆ? ಬೆರಳನ್ನು ತಟ್ಟನೆ ಎತ್ತದೆ, ನಿಧಾನವಾಗಿ, ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ಬಿಡಬೇಕು. ಆಗ ಅವನು ಗುಂಡು ಹಾರಿಸದೆ ಕೈ ಕೆಳಗಿಳಿಸುತ್ತಾನೆ. ಕೋವಿಯ ಕುದುರೆಯ ಮೇಲೆ ಬೆರಳಿಟ್ಟವನು ಮನಸ್ಸು ಬದಲಿಸಿದಾಗ ಬೆರಳು ಹೇಗೆ ಹಿಂದೆ ಸರಿಯುತ್ತದೋ ಹಾಗೆಯೇ. ಮಲೆನಾಡಿನಲ್ಲಿ ತೋಟದ ಮನೆಗಳಲ್ಲಿ ಕೋವಿಯನ್ನು ಕಂಡು ಬೆಳೆದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2004ರ ಮೂರನೆಯ ಭಾಗದಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. ಕಾವಲುಗಾರನ ಹಿಂದೆ ಸದ್ದಿಲ್ಲದೆ ಹೋಗಿ ವೃತ್ತದ ಗುಂಡಿಯನ್ನು ಮೆಲ್ಲಗೆ ಒತ್ತಿ ಹಿಡಿದರೆ ನಾಯಕ ಅವನ ಕುತ್ತಿಗೆಗೆ ತೋಳು ಹಾಕಿ ಹಿಡಿದುಕೊಳ್ಳುತ್ತಾನೆ. ಆ ಹಿಡಿತದಲ್ಲೇ ಗುಂಡಿಯನ್ನು ಬಲವಾಗಿ ಅಮುಕಿದರೆ ಚಾಕುವಿನಿಂದ ಕತ್ತು ಸೀಳುತ್ತಾನೆ. ಅದೇ ಗುಂಡಿ, ಅದೇ ಬೆರಳು. ನಮ್ಮ ಪಾರ್ಲರಿಗೆ ಹಾಸ್ಟೆಲಿನಿಂದ ಬರುತ್ತಿದ್ದ ಒಬ್ಬ ಪಿಯುಸಿ ಹುಡುಗ ಎಲ್ಲ ಗುಂಡಿಗಳನ್ನೂ ಮೊಳೆ ಹೊಡೆದ ಹಾಗೆ ಕುಟ್ಟುವವನು. ಅವನಿಗೆ ಕಾವಲುಗಾರನನ್ನು ಹಿಡಿದು ಗುಟ್ಟು ಕೇಳುವ ಆಸೆ. ಆದರೆ ಹಿಡಿದ ಮರುಗಳಿಗೆಗೆ ಕಾವಲುಗಾರ ಸತ್ತು ಬೀಳುತ್ತಿದ್ದ. ನಾಲ್ಕೈದು ಸಲ ಹೀಗಾದ ಮೇಲೆ ರಿಮೋಟು ತಂದು ನನ್ನ ಮೇಜಿನ ಮೇಲಿಟ್ಟು, “ಅಣ್ಣಾ, ಇದು ಕೆಟ್ಟಿದೆ, ಬೇರೆ ಕೊಡಿ” ಎಂದ. ಕೆಟ್ಟಿರಲಿಲ್ಲ. “ಮಾವಿನಹಣ್ಣು ಹಣ್ಣಾಗಿದೆಯೋ ಇಲ್ವೋ ಅಂತ ಒತ್ತಿ ನೋಡ್ತೀವಲ್ಲ ಮಾರಾಯ, ಅಷ್ಟೇ ಒತ್ತು” ಎಂದು ನಾನು ಅವನ ಹೆಬ್ಬೆರಳ ಮೇಲೆ ನನ್ನ ಬೆರಳಿಟ್ಟು ತೋರಿಸಬೇಕಾಯಿತು. ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು ಅವನು ಒತ್ತಿದ. ಕಾವಲುಗಾರ ಬದುಕಿ ಉಳಿದ. ಅಂಗಡಿಯಲ್ಲಿದ್ದ ಉಳಿದ ಹುಡುಗರೂ ತಮ್ಮ ಆಟ ಬಿಟ್ಟು ಅದನ್ನೇ ನೋಡುತ್ತಿದ್ದರು.

ಇದು ಬರೀ ಚಮತ್ಕಾರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದೇ ಆಟದಲ್ಲಿ ಮುಂದೊಂದು ಕಡೆ ನಾಯಕ ಮಂಜು ಕವಿದ ಒಂದು ಹೊಳೆಯಲ್ಲಿ ನಡೆದು ಹೋಗಬೇಕಾಗುತ್ತದೆ, ಮತ್ತು ಅಲ್ಲಿಯವರೆಗೆ ಆಟಗಾರ ಯಾರ್‍ಯಾರನ್ನು ಕೊಂದಿದ್ದಾನೋ ಅವರ ಪ್ರೇತಗಳೆಲ್ಲ ಎದುರಿಗೆ ಸಾಲಾಗಿ ಬರುತ್ತವೆ. ಕಡಿಮೆ ಕೊಂದವನಿಗೆ ಹೊಳೆ ಬಹುತೇಕ ಖಾಲಿ; ಸಿಕ್ಕಸಿಕ್ಕವರನ್ನು ಕೊಂದವನಿಗೆ ಸಂತೆ. ನಮ್ಮ ಪಿಯುಸಿ ಹುಡುಗನ ಹೊಳೆ ದಾಟಲು ಬಹಳ ಹೊತ್ತು ಹಿಡಿಯಿತು, ಅವನ ಅಂದಿನ ಇಪ್ಪತ್ತು ರೂಪಾಯಿಯಲ್ಲಿ ಒಳ್ಳೆಯ ಪಾಲು ಅಲ್ಲೇ ಕರಗಿತು. ಆ ಪ್ರೇತಗಳಲ್ಲಿ ಕೆಲವನ್ನು ಅವನು ಬೇಕೆಂದು ಕೊಂದಿರಲಿಲ್ಲ. ಬೆರಳು ಹೆಚ್ಚಾಗಿ ಹೋಗಿತ್ತು, ಅಷ್ಟೆ. ಹಿಡಿಯಲು ಒಂದು ಗುಂಡಿ, ಕೊಲ್ಲಲು ಇನ್ನೊಂದು ಗುಂಡಿ ಎಂದು ಬೇರೆಮಾಡಿಟ್ಟರೆ ಈ ಅನುಭವ ಉಳಿಯುವುದಿಲ್ಲ. ಆಗ ಕೊಲ್ಲುವುದು ಒಂದು ಆಯ್ಕೆ ಮಾತ್ರ ಆಗುತ್ತದೆ. ಕೈ ತಪ್ಪಿ ಆಗುವ ಕೊಲೆ, ಕೋಪದಲ್ಲಿ ಅಮುಕಿದ ಕೊಲೆ ಎಂಬುದು ಇರುವುದೇ ಇಲ್ಲ.

ಹೀಗೆ ಬೇರೆಮಾಡಿಡುವ ಕೆಲಸ ನಡೆದೂ ಇದೆ. ಈ ಎರಡೂ ಆಟಗಳು 2011ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಮತ್ತು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಯಂತ್ರಗಳಿಗೆ ಮತ್ತೆ ಬಂದವು. ಪ್ಲೇಸ್ಟೇಷನ್ 3ರ ಕಂಟ್ರೋಲರಿನಲ್ಲಿ ಒತ್ತಡದ ಗುಂಡಿಗಳು ಉಳಿದಿದ್ದರಿಂದ ಅಲ್ಲಿ ಆಟ ಮೊದಲಿನಂತೆಯೇ ಇತ್ತು. ಎಕ್ಸ್‌ಬಾಕ್ಸ್ 360ರಲ್ಲಿ ಇಲ್ಲದ್ದರಿಂದ ಅಲ್ಲಿ ಬೇರೆ ಗುಂಡಿಗಳಿಗೆ ಹಂಚಬೇಕಾಯಿತು. 2023ರ ಅಕ್ಟೋಬರಿನಲ್ಲಿ ಈಗಿನ ಯಂತ್ರಗಳಿಗೆಂದು ಬಂದ ಸಂಪುಟದಲ್ಲೂ, ಮೂರನೆಯ ಭಾಗವನ್ನು ಹೊಸದಾಗಿ ಕಟ್ಟಿ 2025ರ ಆಗಸ್ಟಿನಲ್ಲಿ ಬಿಟ್ಟ ಆವೃತ್ತಿಯಲ್ಲೂ ಹಳೆಯ ಬೆರಳಿನ ಲೆಕ್ಕ ಇಲ್ಲ, ಇರಲು ಸಾಧ್ಯವೂ ಇಲ್ಲ. ತಮ್ಮ ಲೇಖನ ಹೊಗಳಿರುವುದು ಇಂಥ ಆವೃತ್ತಿಗಳನ್ನೇ.

ಕಾರು ಓಟದ ಆಟಗಳಲ್ಲಿ ವಿಷಯ ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. 2001ರ ಗ್ರ್ಯಾನ್ ಟುರಿಸ್ಮೊ 3ರಲ್ಲಿ ಕ್ರಾಸ್ ಗುಂಡಿ ಆಕ್ಸಿಲರೇಟರ್, ಚೌಕದ ಗುಂಡಿ ಬ್ರೇಕ್. ಎರಡೂ ಒತ್ತಡಕ್ಕೆ ತಕ್ಕಂತೆ. ನಮ್ಮ ಹುಡುಗರೆಲ್ಲ ಪೂರ್ತಿ ಒತ್ತಿ ಓಡಿಸಿ, ತಿರುವಿನಲ್ಲಿ ಪೂರ್ತಿ ಬ್ರೇಕ್ ಹಾಕಿ, ಗೋಡೆಗೆ ಗುದ್ದುವವರು. ಶಿವಮೊಗ್ಗದಿಂದ ಉಡುಪಿಗೆ ಮಿನಿ ಬಸ್ಸು ಓಡಿಸುತ್ತಿದ್ದ ಡ್ರೈವರ್ ಒಬ್ಬರು ಒಂದು ಸಂಜೆ ಮಗನನ್ನು ಹುಡುಕಿಕೊಂಡು ಬೈಯಲು ಬಂದವರು, ಬೈದು ಮುಗಿದ ಮೇಲೆ ಕುತೂಹಲಕ್ಕೆ ರಿಮೋಟು ಹಿಡಿದರು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ದಿನಕ್ಕೆರಡು ಸಲ ಹತ್ತಿಳಿಯುವ ಮನುಷ್ಯ. ಮೊದಲ ತಿರುವಿಗೇ ಅವರು ಬ್ರೇಕಿನ ಗುಂಡಿಯನ್ನು ಅರ್ಧ ಒತ್ತಿ, ಬಿಟ್ಟು, ಮತ್ತೆ ಸ್ವಲ್ಪವೇ ಒತ್ತಿ ತಿರುಗಿಸಿಕೊಂಡು ಹೋದರು, ಗೋಡೆ ಮುಟ್ಟಲಿಲ್ಲ. ಗುಂಡಿಗೆ ಒತ್ತಡ ಗೊತ್ತಾಗುತ್ತದೆ ಎಂದು ಅವರಿಗೆ ನಾನು ಹೇಳಿರಲಿಲ್ಲ. ಬ್ರೇಕ್ ಎಂದ ಮೇಲೆ ಪೂರ್ತಿ ಒತ್ತುವುದು ಅವರ ಕಾಲಿಗೂ ಗೊತ್ತಿರಲಿಲ್ಲ, ಕೈಗೂ ಗೊತ್ತಿರಲಿಲ್ಲ. ಅದೇ ಆಟವನ್ನು ಈಗ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಆಡಿದರೆ ಪ್ರತಿ ಒತ್ತಿಗೂ 255, ಅಂದರೆ ಪೂರ್ತಿ ಬ್ರೇಕು. ಆ ಡ್ರೈವರೂ ಗೋಡೆಗೆ ಗುದ್ದುತ್ತಾರೆ.

ಒಂದು ಸಂಗೀತದ ಆಟವೂ ಇತ್ತು. ಮ್ಯಾಡ್ ಮ್ಯಾಸ್ಟ್ರೊ ಎಂಬ ಆ ಆಟದಲ್ಲಿ ವಾದ್ಯಮೇಳವನ್ನು ನಡೆಸುವವನು ಆಟಗಾರ. ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವುದರ ಜೊತೆಗೆ ಬಣ್ಣದ ಸೂಚನೆ ನೋಡಿ ಮೆಲ್ಲಗೆ, ಮಧ್ಯಮವಾಗಿ ಅಥವಾ ಜೋರಾಗಿ ಒತ್ತಬೇಕು. ನಮ್ಮಲ್ಲಿ ಅದನ್ನು ಕೇಳಿದವರು ಕಡಿಮೆ. ಮದ್ದಳೆ ಕಲಿಯುತ್ತಿದ್ದ ಒಬ್ಬ ಹುಡುಗ ಮಾತ್ರ ಅದನ್ನು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಸರಿಯಲ್ಲ. ಈ ಗುಂಡಿಗಳು ಕಣ್ಮರೆಯಾದದ್ದು ಯಾರದೋ ಪಿತೂರಿಯಿಂದಲ್ಲ. ಗುಂಡಿ ಚಲಿಸುವ ದೂರ ತೀರಾ ಕಡಿಮೆ, ಒಂದೆರಡು ಮಿಲಿಮೀಟರ್ ಇದ್ದೀತು. ಅಷ್ಟರೊಳಗೆ ಅರ್ಧ ಎಂದರೆ ಎಲ್ಲಿ, ಮುಕ್ಕಾಲು ಎಂದರೆ ಎಲ್ಲಿ ಎಂಬುದು ಬೆರಳಿಗೆ ಸುಲಭವಾಗಿ ತಿಳಿಯುವುದಿಲ್ಲ. ಬೆರಳು ದೂರವನ್ನು ಅಂದಾಜು ಮಾಡಿದಷ್ಟು ಚೆನ್ನಾಗಿ ಬಲವನ್ನು ಅಂದಾಜು ಮಾಡಲಾರದು. ಎರಡು ತಾಸು ಕಾರು ಓಡಿಸಿದರೆ ಹೆಬ್ಬೆರಳು ಕೆಂಪಾಗಿ ನೋಯುತ್ತಿತ್ತು. ಬೆರಳಲ್ಲಿ ಬಲವಿಲ್ಲದವರಿಗೆ, ಗಂಟುನೋವಿನವರಿಗೆ, ಪೂರ್ತಿ ಅಮುಕದೆ ಮುಂದೆ ಹೋಗಲಾಗದ ಆಟ ಎಂದರೆ ಬಾಗಿಲು ಮುಚ್ಚಿದ ಹಾಗೆಯೇ. ಮೈಕ್ರೋಸಾಫ್ಟ್ 2001ರಲ್ಲಿ ತಂದ ಮೊದಲ ಎಕ್ಸ್‌ಬಾಕ್ಸಿನ ಮುಖದ ಗುಂಡಿಗಳೂ ಒತ್ತಡ ಅಳೆಯುವಂಥವೇ ಆಗಿದ್ದವು. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಅವನ್ನು ಕೈಬಿಟ್ಟರು. ಸೋನಿ 2013ರಲ್ಲಿ ಪ್ಲೇಸ್ಟೇಷನ್ 4ರ ಕಂಟ್ರೋಲರಿನಲ್ಲಿ ಕೈಬಿಟ್ಟಿತು. ಎರಡರಲ್ಲೂ ಉಳಿದುಕೊಂಡದ್ದು ತೋರುಬೆರಳಿಗೆ ಸಿಗುವ ಉದ್ದ ಚಲನೆಯ ಟ್ರಿಗರುಗಳು ಮಾತ್ರ, ಏಕೆಂದರೆ ಅಲ್ಲಿ ಅಳೆಯುವುದು ದೂರವನ್ನು. ಆಪಲ್ ಕಂಪನಿ ಕೂಡ 2015ರ ಐಫೋನ್ 6ಎಸ್‌ನಲ್ಲಿ ಗಾಜನ್ನು ಒತ್ತಿದ ಬಲವನ್ನು ಅಳೆಯುವ ಏರ್ಪಾಟು ತಂದು, 2019ರ ಹೊತ್ತಿಗೆ ಹೊಸ ಫೋನುಗಳಿಂದ ಅದನ್ನು ತೆಗೆದುಹಾಕಿತು. ಹೊಸ ಆಟ ಕಟ್ಟುವವರು ಇಂಥ ಗುಂಡಿ ಬೇಡವೆಂದರೆ ನನಗೆ ಅದರಲ್ಲಿ ಆಕ್ಷೇಪವಿಲ್ಲ. ಆ ಗುಂಡಿಯನ್ನೇ ನಂಬಿ ಕಟ್ಟಿದ ಹಳೆಯ ಆಟವನ್ನು ಅದಿಲ್ಲದೆ ಮಾರಿ, ಏನೂ ಬದಲಾಗಿಲ್ಲ ಎನ್ನುವುದಕ್ಕೆ ಇದೆ.

ಟ್ರಿಗರುಗಳ ವಿಷಯದಲ್ಲೂ ಇದೇ ಕಥೆ ಒಮ್ಮೆ ನಡೆದಿದೆ. ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ 2002ರಲ್ಲಿ ಬಂದ ಸೂಪರ್ ಮಾರಿಯೊ ಸನ್‌ಶೈನ್‌ನಲ್ಲಿ ಬೆನ್ನಿಗೆ ನೀರಿನ ಪಂಪು ಕಟ್ಟಿಕೊಂಡ ಮಾರಿಯೊ, ಟ್ರಿಗರನ್ನು ಅರ್ಧ ಒತ್ತಿದರೆ ಓಡುತ್ತಾ ನೀರು ಹಾರಿಸುತ್ತಾನೆ, ಕ್ಲಿಕ್ ಎನ್ನುವ ತನಕ ಒತ್ತಿದರೆ ನಿಂತು ಗುರಿಯಿಡುತ್ತಾನೆ. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಹಿಡಿಯನ್ನು ಹಿಡಿದವರಿಗೆ ಅದು ಕಲಿಸದೆಯೇ ಬರುತ್ತದೆ. 2020ರಲ್ಲಿ ಅದೇ ಆಟ ನಿಂಟೆಂಡೊದ್ದೇ ಆದ ಸ್ವಿಚ್ ಎಂಬ ಹೆಸರಿನ ಯಂತ್ರಕ್ಕೆ ಬಂದಾಗ, ಆ ಯಂತ್ರದ ಟ್ರಿಗರುಗಳು ಬರೀ ಸ್ವಿಚ್ಚುಗಳಾದ್ದರಿಂದ, ಒಂದು ಹಿಡಿ ಎರಡು ಗುಂಡಿಗಳಾಯಿತು.

ಮೊಬೈಲಿನ ಮಾತಂತೂ ಕೇಳುವುದೇ ಬೇಡ. ಗಾಜಿನ ಮೇಲೆ ಬರೆದ ಗುಂಡಿಗೆ ಬಲವೇನು ಗೊತ್ತು? ಕಂಪ್ಯೂಟರಿನಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಪಿಸಿಎಸ್‌ಎಕ್ಸ್2 ಎಂಬ ತಂತ್ರಾಂಶ ಬರೆದವರು ಈ ತೊಂದರೆಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಇನ್ನೊಂದು ಕೀಲಿಯನ್ನು ಜೊತೆಗೆ ಹಿಡಿದರೆ ಒತ್ತಡವನ್ನು ಕಡಿಮೆಯೆಂದು ಲೆಕ್ಕ ಹಾಕುವ ಅನುಕೂಲವನ್ನು ಕೊಟ್ಟಿದ್ದಾರೆ. ಅದರಿಂದ ಕಾವಲುಗಾರನನ್ನು ಕೊಲ್ಲದೆ ಹಿಡಿಯಬಹುದು. ಆದರೆ ಪಿಸ್ತೂಲನ್ನು ಕೆಳಗಿಳಿಸುವಾಗಿನ ಆ ನಿಧಾನ, ಅದಕ್ಕೆ ಬೇಕಾದ ಬೆರಳಿನ ಹದ, ಎರಡು ಮೆಟ್ಟಿಲಿನ ಏಣಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ಹಳೆಯ ಯಂತ್ರ, ಹಳೆಯ ರಿಮೋಟನ್ನೇ ಹುಡುಕಿ ಕೊಳ್ಳೋಣವೆಂದರೆ ಅಲ್ಲಿ ಇನ್ನೊಂದು ಮೋಸ ಕಾದಿದೆ. ಕಳೆದ ವರ್ಷ ನಮ್ಮ ಕಡೆಯ ಒಬ್ಬ ಹುಡುಗ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಹಳೆಯ ನೆನಪಿಗೆಂದು ಪ್ಲೇಸ್ಟೇಷನ್ 2 ತರಿಸಿ, ಹೊಸ ಕಂಟ್ರೋಲರನ್ನು ಒರಿಜಿನಲ್ ಎಂದು ನಂಬಿ ಒಂದು ಅಂಗಡಿಯಲ್ಲಿ ಕೊಂಡು, ರಜೆಗೆ ಬಂದಾಗ ನನ್ನ ಬಳಿ ತಂದ. ತ್ರಿಕೋನ, ವೃತ್ತ ಎಲ್ಲ ಇದ್ದವು, ಹೆಸರೂ ಅಚ್ಚಾಗಿತ್ತು. ಕಾವಲುಗಾರರು ಮಾತ್ರ ಮುಟ್ಟಿದರೆ ಸಾಯುತ್ತಿದ್ದರು. ನನ್ನಲ್ಲಿದ್ದ ಪಾರ್ಲರ್ ಕಾಲದ ಒಂದನ್ನೂ ಅದನ್ನೂ ಪಕ್ಕಪಕ್ಕದಲ್ಲಿ ಬಿಚ್ಚಿ, ಮುಳ್ಳಿನ ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ ಕಡ್ಡಿಗಳನ್ನು ಹಿಡಿದೆ. ಹಳೆಯದರಲ್ಲಿ ರಬ್ಬರನ್ನು ಬೆರಳಿಂದ ಒತ್ತುತ್ತಾ ಹೋದ ಹಾಗೆ ಮುಳ್ಳು ಎಡದಿಂದ ಬಲಕ್ಕೆ ಬಸವನಹುಳದಂತೆ ಸರಿಯಿತು, ಬಿಡುತ್ತಾ ಬಂದರೆ ಹಾಗೆಯೇ ಹಿಂದಕ್ಕೆ ಬಂತು. ಹೊಸದರಲ್ಲಿ ಕಾರ್ಬನ್ ಹಾಳೆಯೇ ಇರಲಿಲ್ಲ. ಬೋರ್ಡಿನ ಮೇಲೆ ಬಾಚಣಿಗೆ ಹಲ್ಲುಗಳಂತೆ ಎರಡು ಗೆರೆ, ಮೇಲೊಂದು ಚಪ್ಪಟೆ ರಬ್ಬರು. ಮುಟ್ಟಿದೊಡನೆ ಮುಳ್ಳು ಒಂದೇ ನೆಗೆತಕ್ಕೆ ಆ ತುದಿಗೆ ಹೋಗಿ ಬಡಿಯಿತು. ಆ ಹುಡುಗನಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ. ಅಂಗಡಿಯವರಿಗೆ ಹೇಳಿದರೆ ಗುಂಡಿ ಕೆಲಸ ಮಾಡುತ್ತಿದೆಯಲ್ಲ ಎಂದರಂತೆ. ಅದೂ ನಿಜವೇ.

ಒರಿಜಿನಲ್ ಇಟ್ಟುಕೊಂಡವರಿಗೆ ನಮ್ಮ ಮಳೆಗಾಲವೇ ಶತ್ರು. ಜೂನಿನಿಂದ ಸೆಪ್ಟೆಂಬರಿನ ತನಕ ಗೋಡೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಸ್ಟು ಹಿಡಿಯುವ ಊರಿನಲ್ಲಿ ಆ ತೆಳು ಹಾಳೆಯ ಕಾರ್ಬನ್ ಗೆರೆಗಳೂ ರಬ್ಬರಿನ ಮೈಯೂ ಥಂಡಿಗೆ ಕೆಡುತ್ತವೆ. ಹಾಳೆಯ ತುದಿಯನ್ನು ಬೋರ್ಡಿಗೆ ಒತ್ತಿ ಹಿಡಿಯಲು ಇಟ್ಟಿರುವ ಸಣ್ಣ ಸ್ಪಂಜು ವರ್ಷಗಳು ಕಳೆದಂತೆ ಚಪ್ಪಟೆಯಾಗುತ್ತದೆ. ಪ್ಲೇಸ್ಟೇಷನ್ 3ರ ರಿಮೋಟುಗಳಲ್ಲಿ ಇದು ತುಂಬ ಸಾಮಾನ್ಯ. ಯಾರೂ ಮುಟ್ಟದೆಯೇ ಗುಂಡಿ ಒತ್ತಿದ ಹಾಗಾಗುತ್ತದೆ, ಭೂತ ಹೊಕ್ಕಿದೆ ಎಂದು ಅದನ್ನು ಎಸೆಯುತ್ತಾರೆ. ಸ್ಪಂಜಿನ ಮೇಲೆ ನಾಲ್ಕು ಮಡಿಕೆಯ ಕಾಗದದ ತುಂಡಿಟ್ಟು ಮುಚ್ಚಿದರೆ ಬಹಳಷ್ಟು ಸಲ ಭೂತ ಇಳಿಯುತ್ತದೆ. ಕಾರ್ಬನ್ ಪದರವನ್ನು ಥಿನ್ನರ್ ಹಾಕಿ ಉಜ್ಜಬಾರದು, ಪದರವೇ ಎದ್ದು ಬರುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು. ಮಳೆಗಾಲದಲ್ಲಿ ನಾನು ನನ್ನವನ್ನು ಝೀರೊ ಬಲ್ಬು ಹಚ್ಚಿಟ್ಟ ಮರದ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ ಇಡುತ್ತೇನೆ. ಮನೆಯವರು ಮೊದಮೊದಲು ನಕ್ಕರು, ಈಗ ಅವರೇ ಬಲ್ಬು ಹಚ್ಚುತ್ತಾರೆ.

ತಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹಳೆಯ ಆಟವೊಂದು ಹೊಸ ಯಂತ್ರಕ್ಕೆ ಬಂದಾಗ ಅದರ ಚಿತ್ರ ಎಷ್ಟು ಚೊಕ್ಕವಾಗಿದೆ, ಬೆಲೆ ಎಷ್ಟು ಎಂದು ಬರೆಯುವ ಅಂಕಣಕಾರರು ಅದರ ಗುಂಡಿಗಳು ಏನಾದವು ಎಂಬುದಕ್ಕೂ ಒಂದು ಸಾಲು ಕೊಡಲಿ. ಹೊಸದಾಗಿ ರಂಗಕ್ಕೆ ಬಂದ ಯಕ್ಷಗಾನ ಪ್ರಸಂಗಕ್ಕೆ ವಿಮರ್ಶೆ ಬರೆಯುವವರು ಮದ್ದಳೆ ಇತ್ತೋ ಇಲ್ಲವೋ ಹೇಳದೆ ಬಿಡುವುದಿಲ್ಲ. ಹಾಗೆಯೇ, ಈಗ ಶಾಲೆ ಕಾಲೇಜುಗಳಲ್ಲಿ ಇ-ತ್ಯಾಜ್ಯವೆಂದು ಹಳೆಯ ಎಲೆಕ್ಟ್ರಾನಿಕ್ ಸಾಮಾನುಗಳನ್ನು ಕೂಡಿಹಾಕುವಾಗ, ಕೆಲಸ ಮಾಡುತ್ತಿರುವ ಅಥವಾ ಸಣ್ಣ ರಿಪೇರಿಗೆ ಬರುವ ಈ ಕಂಟ್ರೋಲರುಗಳನ್ನು ಒಡೆದ ಚಾರ್ಜರುಗಳ ಜೊತೆ ಮೂಟೆ ಕಟ್ಟದೆ, ಅಲ್ಲಿನ ಎಲೆಕ್ಟ್ರಾನಿಕ್ಸ್ ವಿಭಾಗದ ಹುಡುಗರ ಕೈಗೆ ಮೊದಲು ಕೊಡಲಿ. ಒತ್ತಡವನ್ನು ಅಂಕಿಯಾಗಿಸುವ ಪಾಠಕ್ಕೆ ಇದಕ್ಕಿಂತ ಅಗ್ಗದ ಮಾದರಿ ಅವರಿಗೆ ಸಿಗಲಾರದು. ಒಂದು ಮುಳ್ಳಿನ ಮೀಟರಿದ್ದರೆ ಅರ್ಧ ಗಂಟೆಯ ಪ್ರಯೋಗ.

ಕೊನೆಗೆ ಒಂದು ಸಣ್ಣ ತಿದ್ದುಪಡಿ. ಲೇಖನದ ಜೊತೆ ಅಚ್ಚಾಗಿರುವ ಚಿತ್ರದ ಕೆಳಗೆ ಪ್ಲೇಸ್ಟೇಷನ್ 2 ಕಂಟ್ರೋಲರ್ ಎಂದು ಬರೆದಿದೆ. ಅದರ ನಡುವೆ ಬೆರಳಾಡಿಸುವ ಕಪ್ಪು ಪಟ್ಟಿ ಕಾಣುತ್ತಿದೆ. ಆದ್ದರಿಂದ ಅದು 2013ರ ಪ್ಲೇಸ್ಟೇಷನ್ 4ರದು. ವೃತ್ತದ ಗುಂಡಿ ಅದರಲ್ಲೂ ಇದೆ, ಆದರೆ ಅದಕ್ಕೆ ಮೆಲ್ಲಗೆ ಎಂಬುದು ಗೊತ್ತಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗ,
ತೀರ್ಥಹಳ್ಳಿ